ಹಳೆಯ ಜಿಪ್ಸಿಯ ಸಸ್ಪೆನ್ಷನ್: ಶಾಕ್ ಅಬ್ಸಾರ್ಬರ್‌ಗೂ ಮೊದಲು ಬುಷ್ ನೋಡಿ

ಹಳೆಯ ಮಾರುತಿ ಜಿಪ್ಸಿಯ ಕುಲುಕಾಟ ತಾಳಲಾರದೆ ದುಬಾರಿ ಶಾಕ್ ಅಬ್ಸಾರ್ಬರ್ ಕೊಳ್ಳಲು ಹೊರಟಿರುವವರು ಮೊದಲು ಗಾಡಿಯ ಅಡಿಗೆ ಇಣುಕಿ ನೋಡುವುದು ಒಳ್ಳೆಯದು. ಈ ಗಾಡಿಯ ಹಿಂದೆ ಮುಂದೆ ಎರಡೂ ಕಡೆ ಇರುವುದು ಲೀಫ್ ಸ್ಪ್ರಿಂಗ್, ಅಂದರೆ ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪ್ಲೇಟ್‌ಗಳ ಕಟ್ಟು; ಅದರ ಪ್ಲೇಟ್‌ಗಳ ನಡುವೆ ತುಕ್ಕು ಕಟ್ಟಿ, ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿಯಾದ ಶ್ಯಾಕಲ್‌ನ ಬುಷ್‌ಗಳು (ಬೋಲ್ಟ್ ಸುತ್ತಲಿನ ರಬ್ಬರ್ ಕೊಳವೆಗಳು) ಸವೆದು ರಂಧ್ರ ಅಗಲವಾಗಿದ್ದರೆ ಎಂತಹ ಶಾಕ್ ಅಬ್ಸಾರ್ಬರ್ ಹಾಕಿಸಿದರೂ ಪ್ರಯೋಜನವಾಗದು, ಏಕೆಂದರೆ ಅದರ ಕೆಲಸ ಸ್ಪ್ರಿಂಗಿನ ಓಲಾಟವನ್ನು ತಗ್ಗಿಸುವುದೇ ಹೊರತು ಭಾರ ಹೊರುವುದಲ್ಲ.

ಸ್ಪ್ರಿಂಗ್ ಬಿಚ್ಚಿಸಿ, ತುಕ್ಕು ಉಜ್ಜಿಸಿ, ಬಿರುಕು ಬಿಟ್ಟ ಪ್ಲೇಟ್ ಇದ್ದರೆ ಬದಲಿಸಿ. ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್‌ಗಳನ್ನು ಮಾತ್ರ ಹೊಸದನ್ನೇ ಹಾಕಿಸಿ. ಶ್ಯಾಕಲ್ ಬೋಲ್ಟ್‌ಗಳನ್ನು ಗಾಡಿ ಜಾಕಿನ ಮೇಲಿರುವಾಗಲೇ ಪೂರ್ತಿ ಬಿಗಿಸಬಾರದು. ಚಕ್ರಗಳು ನೆಲಕ್ಕೂರಿ ಸ್ಪ್ರಿಂಗ್ ಭಾರ ಹೊತ್ತ ಮೇಲೆಯೇ ಬಿಗಿಸಬೇಕು, ಇಲ್ಲವಾದರೆ ಬುಷ್‌ನ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಅವಸರದ ಗ್ಯಾರೇಜುಗಳಲ್ಲಿ ಕೆಲಸ ಕೆಡುವುದು ಸಾಮಾನ್ಯವಾಗಿ ಇಲ್ಲಿಯೇ.

ಸವಾರಿ ಮೃದುವಾಗಲೆಂದು ಒಂದೆರಡು ಪ್ಲೇಟ್ ತೆಗೆಸುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಉಳಿದವುಗಳ ಮೇಲೆ ಹೊರೆ ಹೆಚ್ಚಿ, ಕಡಿದಾದ ಏರಿನಲ್ಲಿ ಸ್ಪ್ರಿಂಗ್ ಬಳುಕಿ ಆಕ್ಸಲ್ ಹೊರಳತೊಡಗುತ್ತದೆ. ಹಣವಿದ್ದರೆ ಪ್ಯಾರಾಬೋಲಿಕ್ ಸ್ಪ್ರಿಂಗ್ (ನಡುವೆ ದಪ್ಪ, ತುದಿಗೆ ತೆಳುವಾಗುವ ಕೆಲವೇ ಪ್ಲೇಟ್‌ಗಳದ್ದು) ಉತ್ತಮ. ಅದರಲ್ಲಿ ಪ್ಲೇಟ್‌ಗಳ ನಡುವಿನ ಉಜ್ಜಾಟ ಕಡಿಮೆಯಿರುವುದರಿಂದ ಓಲಾಟ ತಡೆಯುವ ಹೊಣೆಯೆಲ್ಲ ಶಾಕ್ ಅಬ್ಸಾರ್ಬರ್ ಮೇಲೆ ಬೀಳುತ್ತದೆ. ಹಾಗಾಗಿ ಎರಡನ್ನೂ ಹೊಂದಿಸಿಯೇ ಕೊಳ್ಳಬೇಕು. ಗಾಡಿಯನ್ನು 2 ಇಂಚು ಎತ್ತರಿಸುವವರು ಚಕ್ರ ಪೂರ್ತಿ ಇಳಿಬಿದ್ದಾಗ ಬ್ರೇಕ್ ಹೋಸ್ (ಬ್ರೇಕ್ ಎಣ್ಣೆಯ ರಬ್ಬರ್ ಕೊಳವೆ) ಜಗ್ಗುತ್ತದೆಯೇ ಎಂದು ಪರೀಕ್ಷಿಸಿ, ಎಂಜಿನ್ನಿನ ಶಕ್ತಿಯನ್ನು ಆಕ್ಸಲ್‌ಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ಕೋನವನ್ನೂ ನೋಡಿಸಿಕೊಳ್ಳಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮಾರ್ಪಾಡನ್ನು ನಿರ್ಬಂಧಿಸುವುದರಿಂದ, ಎತ್ತರಿಸುವ ಮೊದಲು ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿ.