ಮೀನಿನ ತೊಟ್ಟಿಯ ಕಾರ್ಬನ್ನಿಗೂ ಆಯಸ್ಸುಂಟು

ಅಕ್ವೇರಿಯಂ ಇರುವ ಮನೆಗೆ ಹೋದರೆ, ಫಿಲ್ಟರಿನ ಕಾರ್ಬನ್, ಅಂದರೆ ನೀರಿನ ಬಣ್ಣ, ವಾಸನೆ ಹೀರುವ ಕಪ್ಪು ಕಾಳು, ಬದಲಿಸಿದ್ದು ಯಾವಾಗ ಎಂದು ಕೇಳುವುದು ನನಗೆ ರೂಢಿಯಾಗಿಬಿಟ್ಟಿದೆ. ಗಂಡ ಹೆಂಡತಿ ಮುಖ ಮುಖ ನೋಡಿಕೊಳ್ಳುತ್ತಾರೆ. ತೊಟ್ಟಿಯ ಜೊತೆ ಅಂಗಡಿಯವನು ಕೊಟ್ಟದ್ದೇ ಇನ್ನೂ ಒಳಗೆ ಕೂತಿರುತ್ತದೆ. ಅದರ ಕಸುವು ಸಾಮಾನ್ಯವಾಗಿ ಮೂರು ನಾಲ್ಕು ವಾರದ್ದು. ಮಕ್ಕಳು ಹಿಡಿ ಹಿಡಿಯಾಗಿ ಆಹಾರ ಉದುರಿಸುವ ಮನೆಯಾದರೆ ಇನ್ನೂ ಕಡಿಮೆ.

ತೆಂಗಿನ ಚಿಪ್ಪನ್ನೋ ಕಲ್ಲಿದ್ದಲನ್ನೋ ಸುಟ್ಟು, 800 ಡಿಗ್ರಿಗೂ ಮೀರಿದ ಕಾವಿನಲ್ಲಿ ಹಬೆ ಹಾಯಿಸಿದಾಗ ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು ಹುಟ್ಟುತ್ತವೆ. ಒಂದು ಗ್ರಾಂ ಕಾರ್ಬನ್ನಿನ ಒಳಮೈ ಬಿಡಿಸಿ ಹಾಸಿದರೆ 500 ಚದರ ಮೀಟರಿಗೂ ಹೆಚ್ಚು. ನೀರಿಗೆ ಇಳಿದ ಹಳದಿ ಬಣ್ಣ, ವಾಸನೆ, ಔಷಧದ ಉಳಿಕೆ ಎಲ್ಲವೂ ಅಲ್ಲಿ ಅಂಟಿಕೊಳ್ಳುತ್ತವೆ. ಜಾಗ ತುಂಬಿದ ಮೇಲೆ ಮುಗಿಯಿತು. ಕುದಿಸಿ, ಬಿಸಿಲಿಗೆ ಒಣಗಿಸಿ ಮತ್ತೆ ಬಳಸುವ ಜಾಣರಿದ್ದಾರೆ. ಕಾರ್ಖಾನೆಯ ಕುಲುಮೆಯ ಕೆಲಸ ಅಡುಗೆಮನೆಯ ಒಲೆಗೆ ಎಲ್ಲಿ ಬಂತು? ಒಲೆಯ ಇದ್ದಿಲನ್ನೇ ಕುಟ್ಟಿ ಹಾಕುವ ಉಳಿತಾಯವೂ ಬೇಡ, ಅದರಲ್ಲಿ ಅಷ್ಟು ರಂಧ್ರಗಳಿರುವುದಿಲ್ಲ.

ಇದರಿಂದ ಆಗದ್ದನ್ನೂ ತಿಳಿದಿರಬೇಕು. ಮೀನಿನ ಹಿಕ್ಕೆಯಿಂದ ಏಳುವ ಅಮೋನಿಯಾವನ್ನಾಗಲಿ ನೈಟ್ರೇಟನ್ನಾಗಲಿ ಕಾರ್ಬನ್ ಮುಟ್ಟುವುದಿಲ್ಲ. ಬೋರ್‌ವೆಲ್ ನೀರಿನ ಗಡಸುತನವನ್ನೂ ತಗ್ಗಿಸುವುದಿಲ್ಲ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುವ ಕೆಲಸ ತಪ್ಪಿದ್ದಲ್ಲ. ನಲ್ಲಿಯ ನೀರಾದರೆ ಕ್ಲೋರಿನ್ ಕಳೆಯುವ ದ್ರಾವಣವನ್ನು ಮೊದಲೇ ಬೆರೆಸಿ, ಆಮೇಲೆ ಸುರಿಯಿರಿ. ಫಿಲ್ಟರ್ ನೋಡಿಕೊಳ್ಳುತ್ತದೆ ಎಂದು ಬಿಟ್ಟರೆ ಅಷ್ಟರೊಳಗೆ ಕಿವಿರು ಉರಿದಿರುತ್ತದೆ.

ಬದಲಿಸುವ ಹೊತ್ತು ಬಂತೇ ಎಂದು ನೋಡಲು ಒಂದು ಬಿಳಿ ಹಾಳೆ ಸಾಕು. ತೊಟ್ಟಿಯ ಒಂದು ತುದಿಗೆ ಒತ್ತಿ ಹಿಡಿದು, ಇನ್ನೊಂದು ತುದಿಯಿಂದ ಉದ್ದಕ್ಕೆ ನೋಡಿ. ಹಾಳೆ ತಿಳಿ ಚಹಾದ ಬಣ್ಣಕ್ಕೆ ತಿರುಗಿದ್ದರೆ ಕಾರ್ಬನ್ ಸೋತಿದೆ. ಮುಂದಿನಿಂದ ನೋಡಿದರೆ ಇದು ತಿಳಿಯುವುದೇ ಇಲ್ಲ, ಅಡ್ಡಕ್ಕೆ ನೀರಿನ ದಪ್ಪ ಕಡಿಮೆ.

ಹೊಸ ಕಾರ್ಬನ್ನನ್ನು ಜಾಲರಿ ಚೀಲಕ್ಕೆ ತುಂಬಿ ಬಕೆಟ್ಟಿನಲ್ಲಿ ಅದ್ದಿದರೆ ಸುಯ್ ಎಂದು ಸದ್ದು ಮಾಡುತ್ತಾ ಸಣ್ಣ ಗುಳ್ಳೆಗಳನ್ನು ಬಿಡುತ್ತದೆ, ರಂಧ್ರಗಳ ಗಾಳಿ ಹೊರಗೆ ಬರುವ ಸದ್ದದು. ಮೊದಲ ನೀರು ಮಸಿಯಂತೆ ಕಪ್ಪಾಗುತ್ತದೆ. ನೀರು ತಿಳಿಯಾಗುವ ತನಕ ತೊಳೆದು, ಒಂದು ರಾತ್ರಿ ನೆನೆಯಲು ಬಿಡಿ. ಫಿಲ್ಟರಿನಲ್ಲಿ ಅದರ ಜಾಗ ಸ್ಪಂಜಿನ ನಂತರ. ಮುಂದಿಟ್ಟರೆ ಕೆಸರು ಮೆತ್ತಿಕೊಂಡು ರಂಧ್ರಗಳ ಬಾಯಿ ಮುಚ್ಚುತ್ತದೆ.

ಎಡವಟ್ಟು ಹೆಚ್ಚು ಆಗುವುದು ಇಲ್ಲಿಯೇ. ಹಳೆಯ ಕಾರ್ಬನ್ನಿನ ಮೇಲೂ ಸ್ಪಂಜಿನ ಮೇಲೂ ಅಮೋನಿಯಾ ತಿಂದು ಬದುಕುವ ಸೂಕ್ಷ್ಮಜೀವಿಗಳು ಮನೆ ಮಾಡಿರುತ್ತವೆ. ಹಬ್ಬದ ಶುಚಿಯ ಹುಮ್ಮಸ್ಸಿನಲ್ಲಿ ಕಾರ್ಬನ್, ಸ್ಪಂಜು ಎರಡನ್ನೂ ಒಂದೇ ದಿನ ಎಸೆದರೆ ಅವೆಲ್ಲ ಒಟ್ಟಿಗೆ ಹೋಗುತ್ತವೆ, ನಾಲ್ಕು ದಿನದಲ್ಲಿ ಮೀನು ಮೇಲೆ ಬಂದು ಏದುಸಿರು ಬಿಡುತ್ತದೆ. ಕಾರ್ಬನ್ ಬದಲಿಸಿದ ವಾರ ಸ್ಪಂಜಿಗೆ ಕೈ ಹಚ್ಚಬೇಡಿ. ತೊಳೆಯಲೇಬೇಕಾದಾಗ ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ. ಕಾರ್ಬನ್ ತುಂಬಿ ಹೊಲಿದ ಕಾರ್ಟ್ರಿಜ್ ನಿಮ್ಮದಾದರೆ ಮೇಲ್ಭಾಗ ಕತ್ತರಿಸಿ ಕಾಳನ್ನು ಮಾತ್ರ ಹೊರಹಾಕಿ, ಬಟ್ಟೆ ಉಳಿಸಿಕೊಳ್ಳಿ.

ಮೀನಿಗೆ ಮೆಥಿಲೀನ್ ಬ್ಲೂನಂಥ ಔಷಧ ಹಾಕುವ ಮುನ್ನ ಕಾರ್ಬನ್ ತೆಗೆದಿಡಿ, ಇಲ್ಲದಿದ್ದರೆ ಔಷಧವನ್ನು ಅದೇ ನುಂಗುತ್ತದೆ. ಚಿಕಿತ್ಸೆ ಮುಗಿದ ಮೇಲೆ ಉಳಿದದ್ದನ್ನು ಹೀರಲು ಹೊಸತನ್ನು ಹಾಕಿ. ಬೆಟ್ಟಾ ಮೀನಿಗೆಂದು ಕಾಡುಬಾದಾಮಿ ಎಲೆ ಬಿಟ್ಟು ಕಾರ್ಬನ್ನನ್ನೂ ಇಡುವವರನ್ನು ಕಂಡರೆ ನಗು ಬರುತ್ತದೆ. ಎಲೆ ಬಿಟ್ಟ ಕಂದು ರಸವನ್ನು ಕಾರ್ಬನ್ ಕುಡಿದುಬಿಡುತ್ತದೆ. ನನ್ನ ಕೇಳಿದರೆ, ಮೀನು ಕಡಿಮೆ, ಗಿಡ ಸಮೃದ್ಧ, ನೀರು ತಪ್ಪದೆ ಬದಲಾಗುವ ತೊಟ್ಟಿಗೆ ಕಾರ್ಬನ್ ಸದಾ ಬೇಕಾಗಿಯೂ ಇಲ್ಲ.

ಉಳಿದ ಕಾರ್ಬನ್ನನ್ನು ಗಾಳಿಯಾಡದ ಡಬ್ಬಿಯಲ್ಲಿಡಿ, ಫಿನೈಲ್, ಬಣ್ಣ, ಊದುಬತ್ತಿಗಳಿಂದ ದೂರ. ಬಾಯಿ ತೆರೆದಿಟ್ಟರೆ ಕಪಾಟಿನ ವಾಸನೆಯನ್ನೆಲ್ಲ ಹೀರಿ, ನೀರಿಗೆ ಇಳಿಯುವ ಮೊದಲೇ ಅರ್ಧ ದಣಿದಿರುತ್ತದೆ. ಬಳಸಿ ತೆಗೆದದ್ದನ್ನು, ಔಷಧ ಹೀರಿಲ್ಲದಿದ್ದರೆ, ಹೂಕುಂಡದ ಮಣ್ಣಿಗೆ ಬೆರೆಸಬಹುದು.