ಒಂದೂ ಬ್ಲೋ ಅಳಿಸದೆ: ಬ್ಯಾಡಗಿ ಘಾಟಿನಲ್ಲಿ ಸ್ಪೈರೊಮೆಟ್ರಿ

ಮೆಣಸಿನಕಾಯಿ ತೊಟ್ಟು ಮುರಿಯುವ ಹೆಣ್ಣುಮಕ್ಕಳ ಸ್ಪೈರೊಮೆಟ್ರಿ (ಯಂತ್ರಕ್ಕೆ ಊದಿಸಿ ಉಸಿರಿನ ಬಲ ಅಳೆಯುವ ಪರೀಕ್ಷೆ, ಒಂದು ಊದುವಿಕೆಗೆ ಒಂದು ಬ್ಲೋ) ಪ್ರಬಂಧ ದುಡ್ಡು ಕೊಡದೆ ಎಲ್ಲೂ ಅಚ್ಚಾಗುವುದಿಲ್ಲ ಅಂತ ಹುಬ್ಬಳ್ಳಿ-ಧಾರವಾಡದ ಗೆಳೆಯರು ಹೇಳುತ್ತಲೇ ಇದ್ದರು. ಅಚ್ಚಾಯಿತು. ಲೇಖಕರಿಂದ ಬಿಡಿಗಾಸೂ ತೆಗೆದುಕೊಳ್ಳದ, ವೈದ್ಯರ ಸಂಘವೊಂದು ನಡೆಸುವ ಪತ್ರಿಕೆಯಲ್ಲಿ. ರಿವ್ಯೂವರ್ ಒಬ್ಬರು ಎಲ್ಲರ ಕಚ್ಚಾ ಕರ್ವ್ (ಊದಿದಾಗ ಯಂತ್ರ ಬರೆಯುವ ಗೆರೆ) ಕೇಳಿದರು, ಮರುದಿನವೇ ಕೊಟ್ಟೆವು. ಆಮೇಲೆ ತಕರಾರು ಬರಲಿಲ್ಲ.

ಮೊದಲ ಕಷ್ಟ ಘಾಟು. ಗೋದಾಮಿನೊಳಗೆ ಬ್ಲೋ ಮಾಡಿಸಿದರೆ ಮೊದಲ ಸೆಕೆಂಡಿನಲ್ಲೇ ಕೆಮ್ಮು ಬರುತ್ತದೆ, ಎಫ್‌ಇವಿ1 (ಮೊದಲ ಸೆಕೆಂಡಿನಲ್ಲಿ ಹೊರಬಿಟ್ಟ ಗಾಳಿಯ ಅಳತೆ) ಕೈಬಿಟ್ಟಂತೆ. 2019ರ ಎಟಿಎಸ್-ಇಆರ್‌ಎಸ್ (ಅಮೆರಿಕ, ಯುರೋಪಿನ ಶ್ವಾಸಕೋಶ ತಜ್ಞರ ಸಂಘಗಳ) ನಿಯಮದಂತೆ ದೊಡ್ಡವರಿಗೆ ಎಂಟು ಬ್ಲೋ ಸಾಮಾನ್ಯ ಮಿತಿ. ಘಾಟಿನಲ್ಲಿ ಎಂಟೂ ಕೆಮ್ಮಿಗೇ ಹೋಗುತ್ತವೆ. ಹಾಗಾಗಿ ಪರೀಕ್ಷೆಯ ಕೋಣೆಯನ್ನು ಎರಡು ಓಣಿ ಆಚೆ ಹಿಡಿದೆವು. ಕೆಲಸಕ್ಕೆ ಹೋಗುವ ಮೊದಲು ಒಂದು ಸಲ, ಬಿಟ್ಟ ಮೇಲೆ ಇನ್ನೊಂದು ಸಲ. ಸಂಜೆ ಬಂದವರು ಹೊರಗೇ ಸೆರಗು ಕೊಡವಿ, ಕೈಮುಖ ತೊಳೆದು, ಎಲೆ-ಅಡಿಕೆ ಉಗುಳಿ ಬಾಯಿ ಮುಕ್ಕಳಿಸಿ, ಅರ್ಧ ತಾಸು ಕೂತ ಮೇಲೆಯೇ ಒಳಗೆ. "ಅಕ್ಕಾರ, ಪೂರ್ತಿ ಎಳಕೋರಿ, ಒಮ್ಮೆಲೇ ಬಿಡ್ರಿ, ಇನ್ನ, ಇನ್ನ, ನಿಲ್ಲಸಬ್ಯಾಡ್ರಿ" ಅಂತ ಕೂಗುವವರು ಊರಿನ ಮಾತಿನವರೇ ಇರಬೇಕು. ಪುಸ್ತಕದ ಕನ್ನಡದಲ್ಲಿ ಹೇಳಿದರೆ ಮೂರು ಸೆಕೆಂಡಿಗೇ ಬಾಯಿ ತೆಗೆಯುತ್ತಾರೆ, ಕರ್ವ್ ಸಮತಟ್ಟಿಗೆ ಬರುವುದೇ ಇಲ್ಲ.

ಟರ್ಬೈನ್ (ಉಸಿರಿಗೆ ತಿರುಗುವ ಪುಟ್ಟ ಚಕ್ರದ) ಯಂತ್ರಕ್ಕೂ ಈ ಧೂಳು ಆಗಿಬರುವುದಿಲ್ಲ. ಫಿಲ್ಟರ್ ಬಾಯಿಯ ಕಡೆಯಿಂದ ಕಾಯುತ್ತದೆ, ಹಿಂಬದಿಯಿಂದ ಕೆಂಪು ಪುಡಿ ಒಳಗೆ ಹೋಗಿ ಅಂಟುತ್ತದೆ. 3 ಲೀಟರ್ ಸಿರಿಂಜಿನಿಂದ ಮೂರು ವೇಗದಲ್ಲಿ ತಳ್ಳಿ, 2.91ರಿಂದ 3.09ರೊಳಗೆ ಬರದಿದ್ದರೆ ಟರ್ಬೈನ್ ತೊಳೆದು ನೆರಳಲ್ಲಿ ಒಣಗಿಸಿ ಮತ್ತೆ ತಳ್ಳಬೇಕು. ಸಿರಿಂಜನ್ನು ಬಿಸಿಲಿಗೆ ನಿಂತ ಗಾಡಿಯಲ್ಲಿ ಬಿಟ್ಟರೆ ಆ ತಪಾಸಣೆಯೇ ಸುಳ್ಳಾಗುತ್ತದೆ. ಅದು ಯಂತ್ರದ ಜೊತೆ ಅದೇ ಕೋಣೆಯಲ್ಲಿರಲಿ. ಯಾರಿಗೆ ಎಷ್ಟು ಸಹಜ ಎಂಬ ಲೆಕ್ಕಕ್ಕೆ ಎತ್ತರ, ವಯಸ್ಸು ಬೇಕು. ಎತ್ತರ ಅಳೆಯುವಾಗ ತುರುಬು ಬಿಚ್ಚಿಸಿ. ವಯಸ್ಸಿಗೆ ಆಧಾರ್ ನಂಬಬೇಡಿ, ಜನವರಿ 1ರಂದೇ ಹುಟ್ಟಿದವರು ಅಲ್ಲಿ ಗುಂಪುಗುಂಪಾಗಿ ಸಿಗುತ್ತಾರೆ. ಹಿರಿಮಗನ ವಯಸ್ಸು, ಮದುವೆಯ ವರ್ಷ ಕೇಳಿ ಲೆಕ್ಕ ಹಾಕಿದೆವು. ಮನೆಯಲ್ಲಿ ಕಟ್ಟಿಗೆ ಒಲೆ ಎಷ್ಟು ವರ್ಷ ಉರಿಸಿದ್ದಾರೆ ಎಂಬುದನ್ನು ಬಿಟ್ಟರಂತೂ ಪ್ರಬಂಧವೇ ಬೇಡ. ಹೊಗೆಯ ಹಾನಿಯೆಲ್ಲ ಮೆಣಸಿನಕಾಯಿಯ ಲೆಕ್ಕಕ್ಕೆ ಬೀಳುತ್ತದೆ.

ಇನ್ನು ಎಲ್ಲರೂ ನಕ್ಕ ಭಾಗ. ಕೆಲವು ಯಂತ್ರಗಳನ್ನು ಅತ್ಯುತ್ತಮ ಬ್ಲೋ ಮಾತ್ರ ಉಳಿಸುವಂತೆ ಹೊಂದಿಸಿರುತ್ತಾರೆ. ಅದನ್ನು ಬದಲಿಸಿ, ಕೆಟ್ಟದ್ದೂ ಸೇರಿ ಎಲ್ಲವನ್ನೂ ಉಳಿಸಿದೆವು. ಬೆಳಿಗ್ಗೆ ಯಂತ್ರದ ಗಡಿಯಾರ ಮೊಬೈಲಿಗೆ ಹೊಂದಿಸಿ ಎರಡರದೂ ಫೋಟೊ. ಸಂಜೆ ಆ ದಿನದ ಫೈಲಿಗೆ ಎಸ್‌ಎಚ್‌ಎ-256 ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಕೇತ) ತೆಗೆದು, ಆ ಅರವತ್ನಾಲ್ಕು ಅಕ್ಷರಗಳನ್ನು ನೈತಿಕ ಸಮಿತಿಯ ಕಾರ್ಯದರ್ಶಿಗೆ ಮೇಲ್. ಮುಂದೆ ಯಾರಾದರೂ ಒಂದು ಅಂಕಿ ತಿದ್ದಿದರೂ ಹ್ಯಾಶ್ ಹೊಂದುವುದಿಲ್ಲ. ಖರ್ಚು ಸೊನ್ನೆ. "ಇದನ್ನೆಲ್ಲ ಯಾರ್ ನೋಡ್ತಾರ್ರಿ?" ಅಂದವರೇ ಈಗ ಹ್ಯಾಶ್ ತೆಗೆಯುವ ಕಮಾಂಡ್ ಕೇಳಿ ಫೋನ್ ಮಾಡುತ್ತಾರೆ.

ಕೃತಕ ಡೇಟಾ ಹಿಡಿಯಲೂ ಇದೇ ಫೈಲು ಸಾಕು. ಉಸಿರುನಾಳ ಅಗಲಿಸುವ ಸಾಲ್ಬುಟಮಾಲ್ 400 ಮೈಕ್ರೋಗ್ರಾಂ ಸ್ಪೇಸರ್‌ನಲ್ಲಿ (ಇನ್ಹೇಲರಿಗೆ ಜೋಡಿಸುವ ಕೊಳವೆ) ಕೊಟ್ಟು, ಮತ್ತೆ ಊದಿಸುವ ಮುಂಚೆ 15 ನಿಮಿಷ ಕಾಯಬೇಕು. ಟೈಮ್‌ಸ್ಟ್ಯಾಂಪ್‌ನಲ್ಲಿ ನಾಲ್ಕೇ ನಿಮಿಷದ ಅಂತರ ಇದ್ದರೆ ಕಾದಿಲ್ಲ ಎಂದರ್ಥ, ಆ ಹೆಸರು ಹೊರಗೆ. ಒಬ್ಬರದೇ ಎರಡು ಬ್ಲೋ ನಡುವೆ 150 ಮಿಲಿ ಒಳಗಿನ ವ್ಯತ್ಯಾಸ ಬರಬೇಕು, ಸರಿ. ಆದರೆ ಬೇರೆ ಬೇರೆ ಇಬ್ಬರು ಹೆಂಗಸರ ಎಫ್‌ವಿಸಿ (ಒಮ್ಮೆಲೇ ಹೊರಬಿಟ್ಟ ಒಟ್ಟು ಗಾಳಿ), ಎಫ್‌ಇವಿ1, ಪೀಕ್ ಫ್ಲೋ (ಗಾಳಿಯ ಗರಿಷ್ಠ ವೇಗ) ಮೂರೂ ತೀರಾ ಹತ್ತಿರ ಹೊಂದಿದರೆ ಕರ್ವ್‌ಗಳನ್ನು ಒಂದರ ಮೇಲೊಂದು ಇಟ್ಟು ನೋಡಿ. ಊದಿದ್ದು ಸಹಾಯಕನೇ ಇರಬಹುದು. ಇನ್ನೂ ಎರಡು ತಪಾಸಣೆ ಇವೆ. ಇಲ್ಲಿ ಬರೆಯುವುದಿಲ್ಲ, ಮೋಸ ಮಾಡುವವರೇ ಮೊದಲು ಓದುತ್ತಾರೆ.

ನಡುವೆ ಮನೆಗೆ ಪೀಕ್ ಫ್ಲೋ ಮೀಟರ್ ಕೊಟ್ಟು ಡೈರಿ ಬರೆಸಿ ನೋಡಿದೆವು. 10ರ ಗೆರೆಯ ಮೀಟರು, ಕೊನೆಯ ಅಂಕಿ ಸೊನ್ನೆ ಇರುವುದು ಸಹಜವೇ. ಹತ್ತರ ಸ್ಥಾನವೂ ಸೊನ್ನೆಯೇ, ವಾರಗಟ್ಟಲೆ ಬರೀ 300! ಆ ಡೇಟಾ ಪೂರ್ತಿ ಬಿಟ್ಟೆವು, ಬಿಟ್ಟದ್ದನ್ನು ಪ್ರಬಂಧದಲ್ಲೂ ಬರೆದೆವು. ಗದಗಿನ ಜಿನ್ನಿಂಗ್ ಮಿಲ್ಲಿನಲ್ಲಿ ಇದೇ ಕ್ರಮ ಸಲೀಸು. ಹತ್ತಿ ಧೂಳಿಗೆ ಘಾಟಿಲ್ಲ, ರಜೆ ಮುಗಿದ ಮೊದಲ ದಿನದ ಬೆಳಿಗ್ಗೆ-ಸಂಜೆ ಬ್ಲೋ ಮಾತ್ರ ತಪ್ಪಿಸಬಾರದು, ತೊಂದರೆ ಎದ್ದು ಕಾಣುವುದು ಆಗಲೇ.

ದುಡ್ಡು: ಯಂತ್ರಕ್ಕೆ ಎಪ್ಪತ್ತು ಸಾವಿರದ ಆಸುಪಾಸು, ಸಿರಿಂಜಿಗೆ ಇಪ್ಪತ್ತೈದು ಸಾವಿರ, ಫಿಲ್ಟರ್ ಒಂದಕ್ಕೆ ನೂರರ ಹತ್ತಿರ. ಜಾಸ್ತಿ ಹೋದದ್ದು ಕೂಲಿಗೆ. ಅವರದು ಕೆ.ಜಿ. ಲೆಕ್ಕದ ಕೆಲಸ, ನಮ್ಮಲ್ಲಿ ಕೂತಷ್ಟು ಹೊತ್ತು ಅವರಿಗೆ ನಷ್ಟ. ಅದನ್ನು ತುಂಬಿಕೊಡದೆ ಎರಡನೇ ಬ್ಲೋಗೆ ಯಾರೂ ಬರುವುದಿಲ್ಲ.

ಏಳೆಂಟು ಸಾವಿರಕ್ಕೆ ಮೂರೇ ದಿನದಲ್ಲಿ ಪ್ರಬಂಧ ಸ್ವೀಕೃತಿ ಅನ್ನುವ ಮೇಲ್‌ಗಳು ನಿಮಗೂ ಬರುತ್ತವೆ. ಪತ್ರಿಕೆಗೆ ಸಿಗುವ ಐಎಸ್‌ಎಸ್‌ಎನ್ ಬರೀ ಒಂದು ನಂಬರು, ಗುಣಮಟ್ಟದ ಮುದ್ರೆಯಲ್ಲ. ಪಬ್‌ಮೆಡ್‌ನಲ್ಲಿ (ವೈದ್ಯಕೀಯ ಲೇಖನ ಹುಡುಕುವ ತಾಣ) ಒಂದೆರಡು ಲೇಖನ ಕಂಡರೆ ಸಾಲದು, ಪತ್ರಿಕೆ ಮೆಡ್‌ಲೈನ್ ಎಂಬ ಆಯ್ದ ಪತ್ರಿಕೆಗಳ ಸೂಚಿಯಲ್ಲಿದೆಯೇ ಎಂದು ಎನ್‌ಎಲ್‌ಎಂ (ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ) ಕ್ಯಾಟಲಾಗ್‌ನಲ್ಲಿ ನೋಡಿ. ಸಂಪಾದಕ ಮಂಡಳಿಯ ಒಬ್ಬರಿಗೆ ನೇರ ಮೇಲ್ ಹಾಕಿ. ತಮ್ಮ ಹೆಸರು ಅಲ್ಲಿರುವುದೇ ಗೊತ್ತಿಲ್ಲದವರು ಸಿಗುತ್ತಾರೆ. ದೊಡ್ಡ ಪ್ರಕಾಶಕರು ಅಂತಲೂ ನಂಬುವಂತಿಲ್ಲ: ವೈಲಿ ಒಡೆತನದ ಹಿಂದಾವಿ 2023ರಲ್ಲಿ 8,000ಕ್ಕೂ ಹೆಚ್ಚು ಲೇಖನ ಹಿಂತೆಗೆದುಕೊಂಡಿತು, ಹೆಚ್ಚಿನವು ವಿಶೇಷ ಸಂಚಿಕೆಗಳವು.

ವಿಶ್ಲೇಷಣೆಯ ಯೋಜನೆಯನ್ನು ಮೊದಲ ಬ್ಲೋಗೆ ಮುಂಚೆಯೇ ನೋಂದಾಯಿಸಿ. ಎಫ್‌ಇವಿ1ನ್ನು ಎಫ್‌ವಿಸಿಯಿಂದ ಭಾಗಿಸಿದ ಅನುಪಾತ 0.70ಕ್ಕಿಂತ ಕಡಿಮೆಯಿದ್ದರೆ ಉಸಿರುನಾಳ ಕಟ್ಟಿದೆ ಎನ್ನುವ ಗಡಿ ವಯಸ್ಸಾದವರನ್ನು ಹೆಚ್ಚು ಹಿಡಿಯುತ್ತದೆ, ಎಳೆಯರನ್ನು ಬಿಡುತ್ತದೆ. ಆದ್ದರಿಂದ ಸಹಜ ಮಿತಿಯ ಕೆಳಗೆರೆ (ಆ ವಯಸ್ಸು, ಎತ್ತರಕ್ಕೆ ಸಹಜವೆನ್ನುವ ಕನಿಷ್ಠ) ಅಂತ ಮೊದಲೇ ಬರೆದಿದ್ದೆವು. ಫಲಿತಾಂಶ ನೋಡಿ ಗಡಿ ಬದಲಿಸಿದ್ದೀರಾ ಎಂಬ ಪ್ರಶ್ನೆಗೆ ಆ ದಿನಾಂಕವೇ ಉತ್ತರ.

ಡೇಟಾ ಎಲ್ಲರಿಗೂ ಬಿಡುವಾಗ ಒಂದು ತೊಡಕು. ಹೆಸರು ತೆಗೆದರೂ ಊರು, ವಯಸ್ಸು, ಎತ್ತರ ಸೇರಿದರೆ ಸಣ್ಣ ಗ್ಯಾಂಗಿನಲ್ಲಿ ಯಾರೆಂದು ಹೇಳಬಹುದು. ಊರು ತೆಗೆದೆವು, ವಯಸ್ಸನ್ನು ಐದೈದು ವರ್ಷದ ಗುಂಪು ಮಾಡಿದೆವು. ಆಗ ಹೊರಗಿನವರು ನಿರೀಕ್ಷಿತ ಮೌಲ್ಯ ಮತ್ತೆ ಲೆಕ್ಕ ಹಾಕಲಾರರು, ಅದಕ್ಕೆ ಜಿಎಲ್‌ಐ (ಶ್ವಾಸಕೋಶ ಪರೀಕ್ಷೆಯ ಜಾಗತಿಕ ಮಾನದಂಡ) ಝಡ್-ಸ್ಕೋರನ್ನು, ಅಂದರೆ ನಿರೀಕ್ಷಿತಕ್ಕಿಂತ ಎಷ್ಟು ದೂರ ಎಂಬ ಅಂಕಿಯನ್ನು, ನಾವೇ ಲೆಕ್ಕ ಹಾಕಿ ಪಕ್ಕದ ಕಾಲಂನಲ್ಲಿ ಕೊಟ್ಟಿದ್ದೇವೆ. ನಿಖರ ವಯಸ್ಸು ಬೇಕಾದವರು ತಮ್ಮ ನೈತಿಕ ಸಮಿತಿಯ ಪತ್ರ ತರಬೇಕು.