ಹೊನಲು ಬೆಳಕಿನ ಕಬಡ್ಡಿಗೆ ಹೋದ ಅಂಪೈರ್ ಮನೆ ಮುಟ್ಟುವ ಬಗೆ

"ಲೇ ಅಂಪೈರಾ, ಎಷ್ಟು ತಿಂದೀಯಲೇ?"

ಈ ಪ್ರಶ್ನೆಯನ್ನು ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯಲ್ಲಿ ಕೇಳಿಸಿಕೊಂಡಿದ್ದೇನೆ. ಹಗಲು ಸರ್ಕಾರಿ ಶಾಲೆಯ ಪಿಟಿ ಮೇಷ್ಟ್ರು, ಜಾತ್ರೆ ಸೀಸನ್ನಿನಲ್ಲಿ ರಾತ್ರಿ ಕಬಡ್ಡಿ ಅಂಪೈರ್. ತಿಂದದ್ದು ಅಂದರೆ ಕಮಿಟಿಯವರು ಕೊಟ್ಟ ಮಂಡಕ್ಕಿ, ಮಿರ್ಚಿ ಅಷ್ಟೇ. ಬೈಗುಳಕ್ಕೆ ತಲೆ ಕೆಡಿಸಿಕೊಂಡವನಲ್ಲ. ಮೈಮೇಲೆ ಕೈ ಬಿದ್ದ ಮೇಲೆ ಯೋಚನೆ ಶುರುವಾಯಿತು.

ಜಗಳೂರು ಕಡೆಯ ಒಂದು ಹಳ್ಳಿ. ಸೆಮಿಫೈನಲ್, ಊರಿನ ತಂಡ ಒಂದು ಪಾಯಿಂಟ್ ಹಿಂದೆ, ಕೊನೆಯ ರೇಡ್. ಎದುರು ಏಳೂ ಜನ ನಿಂತಿದ್ದರು. ಹುಡುಗ ಬೋನಸ್‌ಗೆ, ಅಂದರೆ ಎದುರಿನವರ ಬೋನಸ್ ಗೆರೆ ದಾಟಿದರೆ ಸಿಗುವ ಒಂದು ಪಾಯಿಂಟಿಗೆ, ಕಾಲು ಚಾಚಿ ವಾಪಸ್ ಓಡಿದ. ನಾನು ಕೊಡಲಿಲ್ಲ. ಅಷ್ಟರಲ್ಲಿ ಮೈಕ್ ಹಿಡಿದವನು, "ಬೋನಸ್ ಹೋಗೈತಿ, ನೀವೆಲ್ಲಾ ನೋಡೀರಿ!" ಅಂದ. ನೋಡಿದ್ದವರು, ನೋಡದಿದ್ದವರು ಎಲ್ಲರೂ ಎದ್ದರು. ಪ್ಲಾಸ್ಟಿಕ್ ಚೇರು ಹಾರಿ ಬಂತು, ಕಿವಿಯ ಮೇಲೆ ಒಂದು ಏಟು ಬಿತ್ತು, ಅಂಗಿಯ ಮೂರು ಗುಂಡಿ ಹೋದವು. ಸೋತ ತಂಡದ ಕ್ಯಾಪ್ಟನ್ನೇ ನನ್ನನ್ನು ತಬ್ಬಿಕೊಂಡು ಎಳೆದೊಯ್ದು ಹಾಲಿನ ಡೇರಿ ಕೋಣೆಗೆ ನೂಕಿ ಬೀಗ ಹಾಕಿದ. ಹುಳಿ ವಾಸನೆಯ ಕ್ಯಾನುಗಳ ನಡುವೆ ರಾತ್ರಿ ಒಂದೂವರೆವರೆಗೆ ಕೂತಿದ್ದೆ. ಹೊರಗೆ ಬಂದರೆ ಬೈಕಿನ ಪ್ಲಗ್ ವೈರು ಕಿತ್ತಿದ್ದರು.

ಠಾಣೆಗೆ ಹೋದೆ. "ಊರ ಜಗಳ ಮೇಷ್ಟ್ರೇ, ರಾಜಿ ಮಾಡ್ಕಳಿ" ಅಂದರು. ಮಾಡಿಕೊಂಡೆ.

ಆಮೇಲೆ ನನ್ನದೇ ಒಂದು ಪದ್ಧತಿ ಇಟ್ಟುಕೊಂಡೆ. ರಾತ್ರಿ ಆಟವಿದ್ದರೆ ಸಂಜೆ ನಾಲ್ಕಕ್ಕೇ ಹೋಗುತ್ತೇನೆ, ಜೇಬಿನಲ್ಲಿ ಟೇಪು. ಗಂಡಸರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಅದನ್ನು ಎಲ್ಲರೂ ಸರಿಯಾಗೇ ಅಳೆಯುತ್ತಾರೆ, ಹಗ್ಗವನ್ನು ಮಾತ್ರ ಗೆರೆಗೆ ಅಂಟಿಸಿ ಕಟ್ಟುತ್ತಾರೆ. ನನ್ನ ಷರತ್ತು: ಸುತ್ತಲೂ ನಾಲ್ಕು ಮೀಟರ್ ಬಿಡಬೇಕು, ಬೊಂಬನ್ನು ಗುಂಡಿ ತೋಡಿ ನೆಡಬೇಕು. ಮುಂದಿನ ಸಾಲಿನವರು ನೆಲದ ಮೇಲೆ ಕೂರಬೇಕು, ಹಗ್ಗದ ಪಕ್ಕ ಒಂದು ಚೇರೂ ಕೂಡದು. ಸ್ಕೋರರ್ ಟೇಬಲ್ ಪಕ್ಕ ಮಾತ್ರ ಬೆಂಚು ಹಾಕಿಸಿ ಊರಿನ ಹಿರೀಕರನ್ನು ಕೂರಿಸುತ್ತೇನೆ. ತಾತ ಎದುರಿಗಿದ್ದರೆ ಮೊಮ್ಮಗನ ಕೈ ಅಷ್ಟು ಸುಲಭಕ್ಕೆ ಏಳುವುದಿಲ್ಲ. ಪೊಲೀಸರಿಗಿಂತ ಈ ಬೆಂಚೇ ನನ್ನನ್ನು ಹೆಚ್ಚು ಕಾಪಾಡಿದೆ.

ಎರಡನೆಯದು ಸುಣ್ಣ. ಮಣ್ಣಿನ ಅಂಕಣದಲ್ಲಿ ನಾಲ್ಕು ರೇಡಿಗೆ ಗೆರೆ ಮಸುಕಾಗುತ್ತದೆ. ನಡುಗೆರೆಯಿಂದ 3.75 ಮೀಟರ್‌ಗೆ ಬಾಕ್ ಲೈನ್ (ರೇಡ್ ಹೋದವನು ಯಾರನ್ನೂ ಮುಟ್ಟದಿದ್ದರೆ ದಾಟಲೇಬೇಕಾದ ಗೆರೆ), ಅಲ್ಲಿಂದ ಒಂದು ಮೀಟರ್‌ಗೆ ಬೋನಸ್ ಲೈನ್. ಮುಕ್ಕಾಲು ಜಗಳ ಹುಟ್ಟುವುದು ಈ ಬೋನಸ್ ಗೆರೆಯ ಮೇಲೆ. ಕಾಲು ಗೆರೆ ದಾಟಿರಬೇಕು, ಇನ್ನೊಂದು ಕಾಲು ಗಾಳಿಯಲ್ಲಿರಬೇಕು. ಗೆರೆಯೇ ಕಾಣದಿದ್ದರೆ ಯಾವ ಅಂಪೈರ್ ಏನು ಹೇಳಿದರೂ ಅದು ಊಹೆ. ಈಗ ಸುಣ್ಣದ ಡಬ್ಬ ಹಿಡಿದ ಒಬ್ಬ ಹುಡುಗ ನನಗೆ ಬೇಕೇ ಬೇಕು. 20 ನಿಮಿಷದ ಅರ್ಧ ಮುಗಿದು ಐದು ನಿಮಿಷ ಬಿಡುವು ಸಿಗುತ್ತದಲ್ಲ, ಅಷ್ಟರಲ್ಲಿ ಅವನು ಎರಡೂ ಕಡೆ ಗೆರೆ ಎಳೆದಿರಬೇಕು.

ಮೂರನೆಯದು ಮೈಕು. ನನ್ನ ಲೆಕ್ಕದಲ್ಲಿ ಚೇರು ಎಸೆದವನಿಗಿಂತ ದೊಡ್ಡ ಅಪರಾಧಿ ಮೈಕಿನವನು. ಈಗ ಕಮಿಟಿ ಅಧ್ಯಕ್ಷರ ಎದುರೇ ಹೇಳಿಬಿಡುತ್ತೇನೆ: "ಸ್ಕೋರ್ ಹೇಳು, ಆಟಗಾರನ ಹೆಸರು ಹೇಳು, ಕಾಣಿಕೆ ಕೊಟ್ಟೋರ ಹೆಸರು ಬೇಕಾದಷ್ಟು ಹೇಳ್ಕೋ. ತೀರ್ಪಿನ ಬಗ್ಗೆ ಒಂದು ಮಾತಾಡಿದ್ರೂ ಆಂಪ್ಲಿಫೈಯರ್ ಆಫ್." ಆಂಪ್ಲಿಫೈಯರನ್ನು ಸ್ಕೋರರ್ ಟೇಬಲ್ ಮೇಲೇ ಇಡಿಸುತ್ತೇನೆ. ಹೊಳಲ್ಕೆರೆ ಕಡೆ ಒಮ್ಮೆ ನಿಜವಾಗಿಯೂ ಆಫ್ ಮಾಡಿಸಿದೆ. ಐದು ನಿಮಿಷ ಗೊಣಗಿದರು, ಆಮೇಲೆ ಆಟ ನಡೆಯಿತು.

ನನ್ನದೂ ತಪ್ಪಿತ್ತು. ಮೊದಲೆಲ್ಲ ಹಗ್ಗದ ಆಚೆಯವರಿಗೂ ನಿಯಮ ವಿವರಿಸಲು ಹೋಗುತ್ತಿದ್ದೆ, ಕ್ಲಾಸಿನಲ್ಲಿ ಮಕ್ಕಳಿಗೆ ಹೇಳುವ ಚಾಳಿ. 2014ರಲ್ಲಿ ಪ್ರೊ ಕಬಡ್ಡಿ ಟಿವಿಗೆ ಬಂದ ಮೇಲೆ ಎಲ್ಲರೂ "ರಿವ್ಯೂ, ರಿವ್ಯೂ" ಅನ್ನುವವರೇ. ಹಳ್ಳಿ ಅಂಕಣಕ್ಕೆ ಯಾವ ಕ್ಯಾಮೆರಾ? ಈಗ ಕೈಸನ್ನೆ ಎತ್ತಿ ಎರಡು ಸೆಕೆಂಡ್ ಹಿಡಿಯುತ್ತೇನೆ, ಕ್ಯಾಪ್ಟನ್ ಕೇಳಿದರೆ ಅವನಿಗೊಬ್ಬನಿಗೇ ಉತ್ತರ. ಆಟಗಾರ ಕೈ ಎತ್ತಿ ಜನರ ಕಡೆ ತಿರುಗಿದ ಅಂದರೆ ಹಸಿರು ಕಾರ್ಡ್, ಅದು ಎಚ್ಚರಿಕೆ. ಮತ್ತೆ ಮಾಡಿದರೆ ಹಳದಿ, ಎರಡು ನಿಮಿಷ ಹೊರಗೆ. ಜನ ಕೆರಳುವುದು ನಮ್ಮನ್ನು ನೋಡಿ ಅಲ್ಲ, ಆಟಗಾರನನ್ನು ನೋಡಿ. ಅವನು ತಣ್ಣಗಿದ್ದರೆ ಅರ್ಧ ಗಲಾಟೆ ಅಲ್ಲಿಗೇ ಮುಗಿಯುತ್ತದೆ.

ಉಳಿದವು ಚಿಲ್ಲರೆ ವಿಷಯ. ಸಂಭಾವನೆ ಫೈನಲ್‌ಗೆ ಮೊದಲೇ ಕೈಗೆ ಬರಬೇಕು. ಬೈಕು ರಸ್ತೆಗೆ ಮುಖ ಮಾಡಿ ನಿಂತಿರಬೇಕು. ಒಬ್ಬನೇ ಹೋಗುವುದಿಲ್ಲ, ಒಬ್ಬನೇ ಬರುವುದಿಲ್ಲ. ಬೀಟ್ ಪೊಲೀಸರಿಗೆ ಮೊದಲೇ ಹೇಳಿರುತ್ತೇನೆ, ಗಲಾಟೆ ಎದ್ದರೆ 112. ಏಟು ಬಿದ್ದರೆ ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಗಾಯ ಬರೆಸಿ, ಸ್ಕೋರ್ ಶೀಟಿನ ಫೋಟೊ ತೆಗೆದಿಟ್ಟುಕೊಳ್ಳಿ. 2024ರ ಜುಲೈಯಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಣ್ಣಪುಟ್ಟ ಏಟಿಗೆ ಕಲಂ 115(2), ಅದು ಅಸಂಜ್ಞೇಯ, ಕೋರ್ಟಿನ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಐದು ಜನಕ್ಕೆ ಕಡಿಮೆಯಿಲ್ಲದ ಗುಂಪು ಸೇರಿ ಹೊಡೆದರೆ ಗಲಭೆ, 191. ಅದು ಸಂಜ್ಞೇಯ. ಈ ವ್ಯತ್ಯಾಸ ಅವತ್ತು ಠಾಣೆಯಲ್ಲಿ ನನಗೆ ಗೊತ್ತಿರಲಿಲ್ಲ.

ಹೋದ ವರ್ಷ ಅದೇ ಹಳ್ಳಿಯವರು ಮತ್ತೆ ಕರೆದರು. ಮನೆಯಲ್ಲಿ ಬೇಡ ಅಂದರು, ಆದರೂ ಹೋದೆ. ಹಗ್ಗ ಕಟ್ಟಿಸುವಾಗ ಬೊಂಬು ಹಿಡಿದಿದ್ದ ಒಬ್ಬ ನನ್ನನ್ನೇ ನೋಡುತ್ತಿದ್ದ. ಅವತ್ತು ರೇಡ್ ಹೋಗಿದ್ದ ಹುಡುಗ, ಈಗ ಮೀಸೆ ಬಂದಿದೆ.

"ಸರ, ಒಂದ್ಮಾತು. ಅವತ್ತು ನಂದು ಬೋನಸ್ ಹೋಗಿತ್ತಾ ಇಲ್ವಾ?"

"ಗೆರೆನೇ ಇರ್ಲಿಲ್ಲ ಕಣಪ್ಪಾ," ಅಂದೆ. "ಹೋಗು, ಸುಣ್ಣ ತಗಂಬಾ."